ಎಂಜಿನ್ನಿಗೆ ಹಚ್ಚಿದ ವಿಭೂತಿ

ಗಂಗಲಕ್ಷ್ಮಮ್ಮನಿಗೆ ಹೇಸಿಗೆ ಜಾಸ್ತಿ. ಇದು ಅವಳನ್ನು ಬಲ್ಲವರೆಲ್ಲ ಹೇಳುವ ಮಾತು. ಮದುವೆ ಊಟದಲ್ಲಿ ಪಕ್ಕದ ಎಲೆಯವನು ಪಾಯಸವನ್ನು ಸೊರಸೊರ ಎಳೆದರೆ ಸಾಕು, ಇವಳ ಊಟ ಅಲ್ಲಿಗೆ ಮುಗಿಯಿತು. ಬಸ್ಸಿನ ಕಂಬಿಯನ್ನು ಸೆರಗು ಸುತ್ತಿಯೇ ಹಿಡಿಯುತ್ತಾಳೆ. ಯಾರದಾದರೂ ಮನೆಯಲ್ಲಿ ಲೋಟದ ಅಂಚು ಒಸಿ ಜಿಡ್ಡಾಗಿದ್ದರೆ 'ಈಗ ತಾನೇ ಕುಡಿದು ಬಂದೆ' ಎಂದು ಸುಳ್ಳು ಹೇಳಿ ಎದ್ದುಬಿಡುತ್ತಾಳೆ. ಇಂಥವಳ ಹಣೆಗೆ ಆ ಪರಮಾತ್ಮ ಬರೆದ ಕಸುಬು ಯಾವುದು ಅಂತೀರಿ? ಅರಿಶಿನಕುಂಟೆಯ ಸರ್ವಿಸ್ ರಸ್ತೆಯಲ್ಲಿ ಕೂತು ಲೋಕದವರ ಕಾರು ತೊಳೆಯುವುದು.

ವಾಟರ್ ಸರ್ವಿಸ್ ಶುರು ಮಾಡಿದವನು ಗಂಡ ಪಿಳ್ಳಪ್ಪ. ಆತನ ಸೊಂಟ ಹಿಡಿದುಕೊಂಡ ಮೇಲೆ ಆತ ಎರಡು ಹಸು ನೋಡಿಕೊಂಡು ಮನೆಯಲ್ಲಿ ಉಳಿದ, ಈಕೆ ಮೂಗಿಗೆ ಸೆರಗು ಕಟ್ಟಿಕೊಂಡು ನೀರಿನ ಗನ್ನು ಹಿಡಿದಳು. ಅದಾಗಿ ಹನ್ನೆರಡು ವರ್ಷ. ಈ ಹನ್ನೆರಡು ವರ್ಷದಲ್ಲಿ ಆಕೆ ಕಾರುಗಳ ಒಳಗೆ ಕಂಡದ್ದನ್ನು ಹೇಳಿದರೆ ನಿಮಗೂ ಊಟ ಸೇರದು. ಸೀಟಿನ ಸಂದಿಯಲ್ಲಿ ಹುಳ ಬಿದ್ದ ಬಿರಿಯಾನಿ. ಬಾಗಿಲಿನ ಜೇಬಿನಲ್ಲಿ ಗುಟ್ಕಾ ಉಗಿದು ಮುಚ್ಚಳ ಹಾಕಿಟ್ಟ ಬಾಟಲಿ. ಕಾಲೊರೆಸು ಎತ್ತಿದರೆ ಅದರ ಕೆಳಗೆ ಹೆಪ್ಪುಗಟ್ಟಿದ ವಾಂತಿ, ಅದರ ಮೇಲೆ ಸುರಿದ ಸೆಂಟು. ಅದನ್ನು ತಂದವನು ಮಾತ್ರ ಇಸ್ತ್ರಿ ಶರ್ಟು ಹಾಕಿಕೊಂಡು ದೂರ ನಿಂತು ಫೋನಿನಲ್ಲಿ ಮಾತಾಡುತ್ತಿರುತ್ತಾನೆ. ಮೇಲೆ ಥಳುಕು, ಒಳಗೆ ಹುಳುಕು ಅನ್ನುವ ಗಾದೆಯನ್ನು ಕಾರು ತೊಳೆದವರೇ ಕಟ್ಟಿರಬೇಕು ಎಂದು ಗಂಗಲಕ್ಷ್ಮಮ್ಮನ ನಂಬಿಕೆ. ಸಂಜೆ ಮನೆಗೆ ಹೋಗಿ ಅಂಟುವಾಳದ ನೊರೆಯಲ್ಲಿ ಮೂರು ಸಲ ಕೈ ಉಜ್ಜದೆ ಆಕೆ ತುತ್ತು ಮುಟ್ಟಿದವಳಲ್ಲ.

ಎಂಜಿನ್ ತೊಳೆಯುವ ವಿಷಯದಲ್ಲಂತೂ ಆಕೆಯದು ಪೂಜಾರಿಯ ಮಡಿ. ಎಂಜಿನ್ ತಣ್ಣಗಾಗಿ, ಅದರ ಮೇಲೆ ಅಂಗೈ ಇಟ್ಟು ಇಪ್ಪತ್ತು ಎಣಿಸುವವರೆಗೂ ಕೈ ಸುಡದಿದ್ದರೆ ಮಾತ್ರ ನೀರು. ಕಾದ ಮಣ್ಣಿನ ಹೆಂಚಿಗೆ ತಣ್ಣೀರು ಹೊಯ್ದರೆ ಸೀಳುತ್ತದೋ ಇಲ್ಲವೋ? ಇದೂ ಹಾಗೆಯೇ. ಇನ್ನೊಂದು ಮಡಿ ಡೀಸೆಲ್ಲಿನದು. ರಸ್ತೆಯುದ್ದಕ್ಕೂ ಇರುವ ಬೇರೆ ಸರ್ವಿಸಿನವರೆಲ್ಲ ತೊಳೆದಾದ ಮೇಲೆ ಎಂಜಿನ್ನಿಗೆ ಒಂದು ಸುತ್ತು ಡೀಸೆಲ್ ಸಿಂಪಡಿಸಿ ಕೊಡುತ್ತಾರೆ. ಪಳಪಳ ಹೊಳೆಯುತ್ತದೆ, ಗಿರಾಕಿ ಹಲ್ಲು ಕಿರಿಯುತ್ತಾನೆ. ಎರಡೇ ದಿನಕ್ಕೆ ಅದರ ಮೇಲೆ ಧೂಳು ಕೂತು ಗೊಜ್ಜಾಗುತ್ತದೆ, ರಬ್ಬರ್ ಪೈಪುಗಳು ಊದಿಕೊಂಡು ಮೆತ್ತಗಾಗುತ್ತವೆ. ಒಂದು ದಿನ ಕಾವು ಏರಿದಾಗ ಭಗ್ ಎಂದರೆ ಕೇಳುವವರಾರು? ಆಕೆಯ ಶೆಡ್ಡಿನಲ್ಲಿ ಡೀಸೆಲ್ಲಿನ ಬಾಟಲಿಗೆ ಜಾಗವಿಲ್ಲ.

ಗೌರಿ ಹಬ್ಬಕ್ಕೆ ಆರು ದಿನ ಇದೆ ಎನ್ನುವಾಗ, ಒಂದು ಬುಧವಾರ ಬೆಳಿಗ್ಗೆ, ತಮ್ಮ ಬೈರೇಶ ತನ್ನ ಹಳೆಯ ಕಾರನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಬೈರೇಶ ತ್ಯಾಮಗೊಂಡ್ಲು ಕಡೆ ಎಳನೀರಿನ ತೋಟಗಳನ್ನು ಗುತ್ತಿಗೆ ಹಿಡಿಯುವವನು. ಮಾತಿನಲ್ಲಿ ಜೇನು, ಕೈಯಲ್ಲಿ ಸದಾ ಎರಡು ಫೋನು.

"ಅಕ್ಕೋ, ಎಂಜಿನ್ ಒಸಿ ತೊಳ್ಕೊಟ್ಬಿಡು. ಎರಡು ಗಂಟೆಗೆ ಪಾರ್ಟಿ ಬರ್ತಾವ್ರೆ."

"ಯಾವ ಪಾರ್ಟಿನ್ಲಾ?"

"ಕಾರು ತಗಳೋರು. ಕಣ್ಣಿಗೆ ಚೆನ್ನಾಗಿ ಕಾಣ್ಬೇಕು. ಗನ್ ಇಟ್ಟು ಹೊಡಿ, ಆಮೇಲೆ ಈ ಡೀಸೆಲ್ ಸಿಂಪಡ್ಸು." ಅವನು ಡಿಕ್ಕಿಯಿಂದ ಎರಡು ಲೀಟರಿನ ಬಾಟಲಿ ತೆಗೆದು ಕಲ್ಲಿನ ಮೇಲಿಟ್ಟ. ಅಕ್ಕನ ಹತ್ತಿರ ಡೀಸೆಲ್ ಇರುವುದಿಲ್ಲವೆಂದು ಅವನಿಗೂ ಗೊತ್ತು.

ಗಂಗಲಕ್ಷ್ಮಮ್ಮ ಬಾನೆಟ್ ಎತ್ತಿ ಅಂಗೈ ಇಟ್ಟವಳು ಸರಕ್ಕನೆ ಎಳೆದುಕೊಂಡಳು.

"ಒಲೆ ಆಗೈತೆ ಕಣೋ. ಒಂದು ಗಂಟೆ ಬಿಡು, ತಣ್ಣಗಾಗ್ಲಿ."

"ಒಂದು ಗಂಟೆನಾ? ಬೇರೆಯವ್ರೆಲ್ಲ ಬಂದೇಟ್ಗೆ ಹೊಡ್ದು ಕಳಿಸ್ತಾರಲ್ಲಕ್ಕ!"

"ಹಂಗಾದ್ರೆ ಬೇರೆಯವ್ರತ್ರ ಹೋಗು."

ಹೋಗಲಿಲ್ಲ. ಕಲ್ಲಿನ ಮೇಲೆ ಕೂತು ಆಕೆ ಕೊಟ್ಟ ಮಜ್ಜಿಗೆ ಕುಡಿದ. ಕುಡಿದು ಮೀಸೆ ಒರೆಸಿಕೊಂಡು, "ಅವ್ವ ಹೇಳಿ ಕಳಿಸಿತ್ತು, ಈ ಸಲದ ಬಾಗಿನಕ್ಕೆ ಹಸ್ರು ಸೀರೆ ಅಂತೆ. ಬಳೆನೂ ತೆಗ್ದಿಟ್ಟದೆ" ಎಂದ.

ಗಂಗಲಕ್ಷ್ಮಮ್ಮನ ಮುಖ ಅರಳಿತು. ಅರಳದೆ ಏನು? ಮದುವೆಯಾಗಿ ಇಪ್ಪತ್ತೇಳು ವರ್ಷ, ಒಂದೇ ಒಂದು ಗೌರಿ ಹಬ್ಬಕ್ಕೂ ತವರಿನ ಬಾಗಿನ ತಪ್ಪಿದ್ದಿಲ್ಲ. ಅಪ್ಪ ಇರುವವರೆಗೆ ಅಪ್ಪ ತಂದ, ಆಮೇಲೆ ಬೈರೇಶ. ಕೊರೊನಾದ ವರ್ಷ ರಸ್ತೆಗೆಲ್ಲ ಪೊಲೀಸರು ಅಡ್ಡ ಕಟ್ಟಿದ್ದಾಗಲೂ ಇವನು ಸ್ಕೂಟರಿನಲ್ಲಿ ಮೊರ ಕಟ್ಟಿಕೊಂಡು ತೋಟದ ದಾರಿಗಳಲ್ಲಿ ಸುತ್ತಿ, ಮೈಯೆಲ್ಲ ಕೆಸರಾಗಿ ಬಂದು ಬಾಗಿಲಲ್ಲಿ ನಿಂತಿದ್ದ. ಅವತ್ತು ಆ ಕೆಸರು ಕಂಡು ಆಕೆಗೆ ಹೇಸಿಗೆಯಾಗಿರಲಿಲ್ಲ. ಹೆಣ್ಣಿಗೆ ತವರೆಂದರೆ ಮನೆಯಲ್ಲ, ವರ್ಷಕ್ಕೊಮ್ಮೆ ಮೊರ ಹೊತ್ತು ಬರುವ ಆ ಒಂದು ಜೊತೆ ಕೈ.

ತಾಸು ಕಳೆಯಿತು. ಆಕೆ ಮತ್ತೆ ಅಂಗೈ ಇಟ್ಟು ಇಪ್ಪತ್ತು ಎಣಿಸಿದಳು. ಆಗಬಹುದು. ಸ್ಪ್ಯಾನರ್ ಹಿಡಿದು ಮೊದಲು ಬ್ಯಾಟರಿಯ ಮೈನಸ್ ಕಡೆಯ ವೈರು ಬಿಚ್ಚಿ ಬದಿಗೆ ಸರಿಸಿದಳು. ಆಮೇಲೆ ತೊಳೆದು ಒಣಗಿಸಿಟ್ಟ ಹಾಲಿನ ಕವರುಗಳ ಕಟ್ಟು ತೆಗೆದಳು. ಮನೆಗೆ ಬರುವ ಒಂದು ಕವರನ್ನೂ ಆಕೆ ಎಸೆಯುವುದಿಲ್ಲ. ಡೈನಮೋ ಮೇಲೊಂದು, ಫ್ಯೂಸಿನ ಡಬ್ಬಿಗೊಂದು, ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೊಂದು, ವೈರು ಕೂಡುವ ಕಡೆಗೆಲ್ಲ ಒಂದೊಂದು ಸುತ್ತಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಿಗಿದಳು. ನೀರು ಹೋಗಬಾರದ ಕಡೆ ಹೋದರೆ ಕಾರು ಕೆಮ್ಮುತ್ತದೆ, ಬೈಗುಳ ಇವಳಿಗೆ ಬರುತ್ತದೆ.

ಇನ್ನು ಗಲೀಜಿಗೆ ಬರೋಣ. ಗಂಗಲಕ್ಷ್ಮಮ್ಮ ಕಂಡ ಎಂಜಿನ್ನುಗಳಲ್ಲಿ ಇಷ್ಟು ಹೊಲಸನ್ನು ಹೊತ್ತದ್ದು ಇದೊಂದೇ. ಎಣ್ಣೆ, ಧೂಳು, ತೆಂಗಿನ ನಾರು ಮೂರೂ ಬೆರೆತು ಬೆರಳ ದಪ್ಪ ಕೂತಿತ್ತು. ಹೋದ ವರ್ಷದ ಆಯುಧಪೂಜೆಗೆ ಇಟ್ಟ ನಿಂಬೆಹಣ್ಣು ಕಪ್ಪಗೆ ಮುದುಡಿ ಅಂಟಿಕೊಂಡಿತ್ತು. ಕುಂಕುಮ ಎಣ್ಣೆಯಲ್ಲಿ ಕದಡಿ ಹೆಪ್ಪುಗಟ್ಟಿದ ರಕ್ತದ ಬಣ್ಣಕ್ಕೆ ತಿರುಗಿತ್ತು. ಪೂಜೆಯ ಕಡ್ಲೆಪುರಿ ತಿನ್ನಲು ಬಂದ ಇಲಿ ಬ್ಯಾಟರಿಯ ಹಿಂದೆ ಸಂಸಾರ ಹೂಡಿತ್ತು. ಬಾನೆಟ್ಟಿನ ಒಳಗಿನ ಹತ್ತಿ ಕಿತ್ತು ಗೂಡು, ಗೂಡಿನ ತುಂಬ ಹಿಕ್ಕೆ, ಹಿಕ್ಕೆಯ ನಡುವೆ ಚಪ್ಪಟೆಯಾಗಿ ಒಣಗಿದ ಒಂದು ಇಲಿ. ಎರಡು ಕಡ್ಡಿಯಲ್ಲಿ ಎತ್ತಿದರೆ ಇಲಿ ಬಂತು, ಅದರ ತೊಗಲು ತಗಡಿಗೇ ಅಂಟಿ ಉಳಿಯಿತು. ಆ ನಾತಕ್ಕೆ ಗಂಗಲಕ್ಷ್ಮಮ್ಮ ಎರಡು ಸಲ ಗೋಡೆಯ ಕಡೆ ಓಡಿದಳು.

"ಥೂ! ಇದ್ರೊಳಗೆ ಹೆಂಗ್ಲಾ ಹೆಂಡ್ತಿ ಮಗೂನ ಕೂರ್‍ಸ್ಕೊಂಡು ತಿರುಗ್ದೆ?"

"ಬಾನೆಟ್ ಒಳಗೆ ಯಾರು ಕೂತ್ಕೋತಾರಕ್ಕ?" ಎಂದು ನಕ್ಕ ಬೈರೇಶ.

ಹಲ್ಲುಜ್ಜುವ ಹಳೆಯ ಬ್ರಷ್ಷು, ಬಾಟಲಿ ತೊಳೆಯುವ ಕುಂಚ, ಮರದ ಕಡ್ಡಿ, ಸೋಪಿನ ನೀರು. ಇಷ್ಟೇ ಆಕೆಯ ಆಯುಧ. ಎಂಜಿನ್ನಿನ ಮೇಲೆ ಜೋರು ಗನ್ನು ಹಿಡಿಯುವುದಿಲ್ಲ, ಸೋಪು ಬಳಿದು ಉಜ್ಜಿ, ಸಣ್ಣ ಪೈಪಿನಿಂದ ನೀರು ಹನಿಸುತ್ತಾಳೆ. ಕರಿಯ ಗೊಜ್ಜು ಇಳಿದು ಕೆಳಗಿಟ್ಟ ಬಾಣಲೆ ತುಂಬಿತು. ಮೊಣಕೈವರೆಗೂ ಜಿಡ್ಡು. ಒಂದು ಹನಿ ತುಟಿಗೆ ಸಿಡಿದಾಗ ಆಕೆ ಹತ್ತು ಸಲ ಬಾಯಿ ಮುಕ್ಕಳಿಸಿದಳು.

ಹಾಗೆ ಉಜ್ಜುತ್ತಾ ಉಜ್ಜುತ್ತಾ, ಸೈಲೆನ್ಸರಿನ ಪೈಪು ಶುರುವಾಗುವ ಕಡೆ, ಅದರ ಸ್ವಲ್ಪ ಮೇಲೆ, ಬ್ರಷ್ಷಿಗೆ ಏನೋ ಉಬ್ಬು ತಗುಲಿತು. ಕಬ್ಬಿಣವಲ್ಲ. ಉಗುರಿನಲ್ಲಿ ಕೆರೆದಳು. ಕರಿ ಬಣ್ಣ ಎದ್ದು ಬೂದು ಬಣ್ಣ ಕಂಡಿತು. ಕೊಳಾಯಿ ಸೋರಿದರೆ ಪೈಪಿಗೆ ಮೆತ್ತುತ್ತಾರಲ್ಲ, ಆ ಅಂಟಿನ ಮುದ್ದೆ. ಗೇಣುದ್ದ ಮೆತ್ತಿ, ಮೇಲೆ ಬಣ್ಣ ಬಳಿದು, ಅದರ ಮೇಲೆ ಬೇಕೆಂದೇ ಗ್ರೀಸು ಹಚ್ಚಿದ್ದರು. ಅದರ ಅಂಚಿನಿಂದ ಎಣ್ಣೆ ಜಿನುಗುತ್ತಿತ್ತು.

"ಅಕ್ಕ, ಅಕ್ಕ! ಅಲ್ಲಿ ಉಜ್ಬೇಡ!" ಬೈರೇಶ ಓಡಿಬಂದ. "ಅದನ್ನ ಹಂಗೇ ಬಿಡು."

"ಏನ್ಲಾ ಇದು?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಎಂಜಿನ್ ಒಂಚೂರು ಸೀಳು ಬಿಟ್ಟದೆ. ಎಣ್ಣೆ ಜಿನುಗ್ತದೆ, ಅಷ್ಟೇಯ. ನರೇಶ ಮೆಕ್ಯಾನಿಕ್ಕು ಎಂಜಿನ್ನೇ ಬದಲಾಯಿಸ್ಬೇಕು ಅಂದ. ಅವನಿಗೇನು, ಹೇಳ್ತಾನೆ. ಅದ್ಕೇ ಮಾರ್ತಾ ಇರೋದು."

"ಎಣ್ಣೆ ಎಲ್ಲಿಗ್ಲಾ ಬೀಳ್ತದೆ? ನೇರ ಸೈಲೆನ್ಸರ್ ಪೈಪಿನ ಮೇಲಲ್ವಾ? ಅದು ಕಾದು ಕೆಂಪಗಾಗೋ ಜಾಗ. ಹೊತ್ಕೊಂಡ್ರೆ?"

"ಇಷ್ಟು ದಿನ ಹೊತ್ಕೊಳ್ಳಿಲ್ವಲ್ಲ."

"ತಗೊಳೋರಿಗೆ ಹೇಳಿದ್ದೀಯಾ?"

"ಹೇಳಿದ್ರೆ ತಗೋತಾರಾ? ನೀನೊಬ್ಳು. ಅದ್ಕೇ ಡೀಸೆಲ್ ತಂದಿರೋದು. ಎಲ್ಲಾ ಕಡೆ ಸಿಂಪಡ್ಸಿದ್ರೆ ಇಡೀ ಎಂಜಿನ್ನೇ ಒದ್ದೆ ಇರ್ತದೆ. ಒದ್ದೆ ಮೇಲೆ ಒದ್ದೆ, ಯಾರ್ಗೆ ಗೊತ್ತಾಗ್ತದೆ?"

"ಯಾರು ತಗೊಳೋರು?"

"ದೊಡ್ಡಬಳ್ಳಾಪುರದ ಮಗ್ಗದೋರು. ಅತ್ತೆ ಇಲ್ಲ, ಮಾವ ಸೊಸೆ. ಗಂಡ ಮಗ್ಗ ನೋಡ್ಕೋತಾನೆ, ಆ ಯಮ್ಮನೇ ಕಾರು ಓಡ್ಸಿ ಅಂಗಡಿ ಅಂಗಡಿಗೆ ಸೀರೆ ಹಾಕ್ತದಂತೆ."

ಸೀರೆ. ಹಿಂದಿನ ಸೀಟಿನ ತುಂಬ ರೇಷ್ಮೆ, ಪ್ಲಾಸ್ಟಿಕ್ಕು. ಪಕ್ಕದಲ್ಲಿ ಮುದುಕ. ಕೆಳಗೆ ಕಾದ ಪೈಪಿನ ಮೇಲೆ ತೊಟತೊಟ ಎಣ್ಣೆ. ಗಂಗಲಕ್ಷ್ಮಮ್ಮ ತಮ್ಮನ ಮುಖ ನೋಡಿದಳು. ಬೆಳಿಗ್ಗೆಯಿಂದ ಇಲಿ, ಹಿಕ್ಕೆ, ತೊಗಲು ಎಲ್ಲಕ್ಕೂ ಹೇಸಿದವಳಿಗೆ ಈಗ ಆದ ಹೇಸಿಗೆಯ ಮುಂದೆ ಅದೆಲ್ಲ ಏನೂ ಅಲ್ಲ ಅನ್ನಿಸಿತು. ಇಲಿ ಪಾಪ, ಹಸಿವಿಗೆ ಬಂದಿತ್ತು. ಅದು ಮೋಸ ಮಾಡಿರಲಿಲ್ಲ.

"ನನ್ನ ಕೈಲಾಗಲ್ಲ ಕಣೋ ಇಂಥದ್ದು."

"ನೋಡಕ್ಕ," ಬೈರೇಶನ ಮಾತಿನ ಜೇನು ಹುಳಿಯಾಯಿತು. "ಕೇಳ್ಕೊಂಡಿರೋದು ಒಂದೇ ಕೆಲ್ಸ. ಮುಂದಿನ ವಾರ ಮೊರ ಹೊತ್ಕೊಂಡು ನಿನ್ನ ಬಾಗ್ಲಿಗೆ ಬರ್ಬೇಕೋ ಬೇಡ್ವೋ, ನೀನೇ ಯೋಚ್ನೆ ಮಾಡು." ಹೇಳಿ, ಫೋನು ಕಿವಿಗಿಟ್ಟುಕೊಂಡು ಟೀ ಅಂಗಡಿಯ ಕಡೆ ನಡೆದ.

ಗಂಗಲಕ್ಷ್ಮಮ್ಮನಿಗೆ ಅಳು ಬಂತು, ಕಣ್ಣೊರೆಸಿಕೊಳ್ಳೋಣವೆಂದರೆ ಕೈ ತುಂಬ ಜಿಡ್ಡು. ಡೀಸೆಲ್ ಬಾಟಲಿಯನ್ನು ತೆಗೆದುಕೊಂಡು ಹೋಗಿ ಶೆಡ್ಡಿನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಆಮೇಲೆ ಬಂದು ಮಿಕ್ಕ ಕೆಲಸವನ್ನು ಎಂದಿಗಿಂತ ಅಚ್ಚುಕಟ್ಟಾಗಿ ಮಾಡಿದಳು. ಗಾಳಿ ಪೈಪು ಹಿಡಿದು ಸಂದಿಗೊಂದಿಯ ನೀರನ್ನೆಲ್ಲ ಊದಿದಳು. ಒಗೆದ ಬಟ್ಟೆಯಿಂದ ಒರೆಸಿದಳು. ಹಾಲಿನ ಕವರು ಬಿಚ್ಚಿ, ಇನ್ನಷ್ಟು ಹೊತ್ತು ಬಿಸಿಲಿಗೆ ಬಿಟ್ಟು, ಕೊನೆಗೆ ಬ್ಯಾಟರಿಯ ವೈರು ಬಿಗಿದಳು. ಎಂಜಿನ್ನು ತಿಕ್ಕಿದ ಪಾತ್ರೆಯ ಹಾಗೆ ಒಣಗಿ ಕೂತಿತ್ತು. ಕೊಳೆ ತುಂಬಿದ ಎಂಜಿನ್ನಿನಲ್ಲಿ ಸೋರಿಕೆ ಹುಡುಕುವುದು ಕಷ್ಟ, ಡೀಸೆಲ್ ಬಳಿದದ್ದರಲ್ಲೂ ಕಷ್ಟ. ಬರೀ ತೊಳೆದು ಒಣಗಿಸಿದ ಎಂಜಿನ್ನು ಮಾತ್ರ ಸುಳ್ಳು ಹೇಳುವುದಿಲ್ಲ. ಇದು ಬೈರೇಶನಿಗೆ ಗೊತ್ತಿರಲಿಲ್ಲವೆಂದಲ್ಲ, ಅಕ್ಕ ತನ್ನ ಮಾತು ಮೀರುತ್ತಾಳೆಂದು ಗೊತ್ತಿರಲಿಲ್ಲ.

ಅವನು ಟೀ ಕುಡಿದು ಬಂದವನು ಒಣಗಿದ ಎಂಜಿನ್ನು ನೋಡಿ ಬೆಚ್ಚಿದ. "ಡೀಸೆಲ್ ಎಲ್ಲಕ್ಕ?" ಎಂದು ಕೇಳುವಷ್ಟರಲ್ಲಿ ಆಟೋ ಬಂದು ನಿಂತಿತು.

ಇಳಿದವರು ಕೋದಂಡರಾಮಯ್ಯ ಮತ್ತು ಅವರ ಸೊಸೆ ಅರುಣಾ. ಕೋದಂಡರಾಮಯ್ಯನವರಿಗೆ ಎಪ್ಪತ್ತು ದಾಟಿದೆ, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಪೂಜೆಯ ಸಾಮಾನಿನ ಚೀಲ. ರಾಹುಕಾಲ ಕಳೆದು ಹೊರಟೆವು ಎಂದು ಬಂದೊಡನೆಯೇ ಹೇಳಿದರು. ಅರುಣಾಗೆ ಮೂವತ್ತೈದರ ಆಸುಪಾಸು, ನೋಟ ಚುರುಕು. ಇಬ್ಬರೂ ತೆರೆದ ಬಾನೆಟ್ಟಿನೊಳಗೆ ಬಗ್ಗಿ ನೋಡಿದರು.

"ಆಹಾ, ಏನು ಶುದ್ಧವಾಗಿ ಇಟ್ಟಿದ್ದೀರಪ್ಪ! ಗಾಡಿ ನೋಡ್ಕೊಂಡಿರೋದು ಇದ್ರಲ್ಲೇ ಗೊತ್ತಾಗುತ್ತೆ" ಎಂದರು ಕೋದಂಡರಾಮಯ್ಯ. ಬೈರೇಶ ಹಲ್ಲು ಬಿಟ್ಟ. "ಮಗು ಥರ ನೋಡ್ಕೊಂಡಿವ್ನಿ ಯಜಮಾನ್ರೇ" ಎಂದು ಬಾನೆಟ್ ಮುಚ್ಚಲು ಕೈ ಹಾಕಿದ.

ಮಗು ಥರ! ಗಂಗಲಕ್ಷ್ಮಮ್ಮನ ಮೂಗಿಗೆ ಬೆಳಗಿನ ಇಲಿಯ ನಾತ ಮತ್ತೆ ಬಂತು.

"ತಡಿ" ಎಂದಳು. "ತೊಳೆದ ಮೇಲೆ ಬಾನೆಟ್ ತೆಗೆದಿಟ್ಟು ಹತ್ತು ನಿಮಿಷ ಎಂಜಿನ್ ಓಡಿಸ್ಬೇಕು. ನಮ್ಮ ಶೆಡ್ಡಿನ ಪದ್ಧತಿ ಅದು. ಸ್ವಾಮಿ, ಪೂಜೆಗೆ ವಿಭೂತಿ ತಂದಿದ್ದೀರಾ?"

"ವಿಭೂತಿ ಇಲ್ದೆ ಪೂಜೆ ಉಂಟೇನಮ್ಮಾ? ಬಾನೆಟ್ ಮೇಲೆ ಹಚ್ಚೋಣ ಅಂತ."

"ಬಾನೆಟ್ ಬರೀ ಹೊದಿಕೆ ಸ್ವಾಮಿ. ಓಡೋದು ಎಂಜಿನ್ನು. ಅದಕ್ಕೇ ಹಚ್ಚಿ."

"ಅದೂ ಸರಿಯೇ" ಎಂದು ಕೋದಂಡರಾಮಯ್ಯ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದರು. "ಎಲ್ಲಿ ಹಚ್ಚಲಿ?"

ಗಂಗಲಕ್ಷ್ಮಮ್ಮ ಬೈರೇಶನ ಕಡೆ ನೋಡಲಿಲ್ಲ. ನೋಡಿದ್ದರೆ ಕೈ ಎತ್ತಲಾಗುತ್ತಿರಲಿಲ್ಲ. "ಇಲ್ಲಿ" ಎಂದು ಆ ಉಬ್ಬಿಗೂ ಪೈಪಿಗೂ ನಡುವೆ ಇದ್ದ ಎಂಜಿನ್ನಿನ ಮೈಗೆ ಬೆರಳು ತೋರಿಸಿದಳು.

ಅವರು ಭಕ್ತಿಯಿಂದ ಮೂರು ಬೆರಳಲ್ಲಿ ಮೂರು ಪಟ್ಟೆ ಎಳೆದರು. ಬೈರೇಶ ಆ ಪಟ್ಟೆಗಳಿಂದ ಕಣ್ಣು ಕೀಳಲಿಲ್ಲ. ಅರುಣಾ ಹೋಗಿ ಕೂತು ಎಂಜಿನ್ ಸ್ಟಾರ್ಟ್ ಮಾಡಿ, ಇಳಿದು ಬಂದು ನಿಂತಳು. ಕಾವಿಗೆ ವಿಭೂತಿ ಒಣಗಿ ಬೆಳ್ಳಗಾಯಿತು. ಮೂರು ನಿಮಿಷ ಏನೂ ಇಲ್ಲ. ಬೈರೇಶ ಉಸಿರು ಬಿಟ್ಟು, "ಹೊರಡೋಣ್ವಾ?" ಎಂದ. ನಾಲ್ಕನೆಯ ನಿಮಿಷಕ್ಕೆ ಮೇಲಿನ ಬಿಳಿ ಪಟ್ಟೆಯಲ್ಲಿ ಕಂದು ಚುಕ್ಕೆಯೊಂದು ಮೂಡಿತು. ಅದು ಇಳಿದು ಎರಡನೆಯ ಪಟ್ಟೆ ಮುಟ್ಟಿತು. ಮೂರನೆಯದನ್ನು ಸೀಳಿ ಕೆಳಗಿನ ಪೈಪಿಗೆ ತೊಟ್ಟಿಕ್ಕಿತು. ಚುರ್ ಎಂದಿತು, ಸಣ್ಣಗೆ ನೀಲಿ ಹೊಗೆ ಎದ್ದಿತು.

ಮಗ್ಗದವರ ಕಣ್ಣು. ಸಾವಿರ ಎಳೆಯ ನಡುವೆ ಎಣ್ಣೆ ತಾಗಿದ ಒಂದು ಎಳೆಯನ್ನು ಮಾರು ದೂರದಿಂದ ಹಿಡಿಯುವವರು. ಬಿಳಿಯ ಮೇಲಿನ ಈ ಕಲೆ ಅವರಿಗೆ ತಪ್ಪೀತೆ?

"ಮಾವ, ಎಣ್ಣೆ ಕಲೆ" ಎಂದಳು ಅರುಣಾ.

"ನೀರು ಮೇಡಂ, ತೊಳೆದಿದ್ದಲ್ವಾ, ನೀರು!" ಎಂದ ಬೈರೇಶ.

ಅರುಣಾ ಅವನ ಮಾತು ಕಿವಿಗೆ ಹಾಕಿಕೊಳ್ಳದೆ ಗಂಗಲಕ್ಷ್ಮಮ್ಮನ ಕಡೆ ತಿರುಗಿದಳು. "ತೊಳೆದೋರು ನೀವು. ನೀವೇ ಹೇಳಿ ಅಮ್ಮ. ಇದು ನೀರಾ?"

ವಿಭೂತಿ ಹೇಳಿದ್ದಷ್ಟೇ ಸಾಕು, ತಾನು ಬಾಯಿ ಬಿಡಬೇಕಾಗುವುದಿಲ್ಲ ಎಂದು ಗಂಗಲಕ್ಷ್ಮಮ್ಮ ಲೆಕ್ಕ ಹಾಕಿದ್ದಳು. ತಪ್ಪಿಸಿಕೊಳ್ಳುವ ದಾರಿ ಅಷ್ಟು ಸಲೀಸಾಗಿ ಸಿಗುವುದಿಲ್ಲ ನೋಡಿ. ಹಸಿರು ಸೀರೆ, ಅವ್ವ ತೆಗೆದಿಟ್ಟ ಬಳೆ, ಕೆಸರು ಮೆತ್ತಿದ ಆ ಸ್ಕೂಟರು, ಎಲ್ಲವೂ ಒಂದು ಗಳಿಗೆ ಕಣ್ಣ ಮುಂದೆ ಬಂತು.

"ನೀರಲ್ಲಮ್ಮ. ಎಂಜಿನ್ ಸೀಳಿದೆ, ಅಂಟು ಮೆತ್ತಿದ್ದಾರೆ. ಬೆಂಕಿ ಹತ್ಬೋದು. ತಗೋಬೇಡಿ" ಎಂದಳು. ಆಮೇಲೆ, ಅದನ್ನೂ ಹೇಳಿಬಿಡಬೇಕೆನ್ನಿಸಿ, "ಇವನು ನನ್ನ ಒಡಹುಟ್ಟಿದ ತಮ್ಮ" ಎಂದಳು.

ಕೋದಂಡರಾಮಯ್ಯ ಚೀಲ ಕಟ್ಟಿದರು. ಹೋಗುವಾಗ ಅರುಣಾ ತಿರುಗಿ ಕೈ ಮುಗಿದಳು. ಗಂಗಲಕ್ಷ್ಮಮ್ಮನಿಗೆ ಆ ನಮಸ್ಕಾರ ಬೇಕಿರಲಿಲ್ಲ.

"ಮುಗೀತು" ಎಂದ ಬೈರೇಶ. "ತವರು ಮುಗೀತು ಅಂದ್ಕೋ. ಪರದೇಶಿಗಳಿಗೋಸ್ಕರ ಒಡಹುಟ್ದೋನ ಮಾನ ಕಳ್ದೆ." ಆಗಷ್ಟೇ ತೊಳೆದ ಕಲ್ಲುಚಪ್ಪಡಿಯ ಮೇಲೆ ಗಂಟಲು ಕೆರೆದು ಉಗಿದು, ಕಾರು ಹತ್ತಿ ಹೋದ. ಗಂಗಲಕ್ಷ್ಮಮ್ಮ ಪೈಪು ಹಿಡಿದು ಆ ಉಗುಳನ್ನು ಚರಂಡಿಯವರೆಗೂ ಅಟ್ಟಿದಳು. ಸಂಜೆ ಮೂರು ಸಲವಲ್ಲ, ಆರು ಸಲ ಕೈ ಉಜ್ಜಿದಳು. ಹೇಸಿಗೆ ಹೋಗಲಿಲ್ಲ. ಅನ್ನವನ್ನು ಹಸುವಿನ ಕಲಗಚ್ಚಿಗೆ ಹಾಕಿ ಮಲಗಿದಳು.

ಗೌರಿ ಹಬ್ಬದ ದಿನ ಅವಳು ಪೂಜೆ ಮುಗಿಸಿ, ಹದಿನಾರು ಗಂಟಿನ ದಾರ ಕಟ್ಟಿಕೊಂಡು, ಶೆಡ್ಡಿಗೇ ಬಂದು ಕೂತಳು. ಮನೆಯಲ್ಲಿದ್ದರೆ ಬಾಗಿಲು ನೋಡಬೇಕಾಗುತ್ತಿತ್ತು. ಪಿಳ್ಳಪ್ಪ ಹಿಂದೆಯೇ ಸೊಂಟ ಹಿಡಿದುಕೊಂಡು ಬಂದ. "ಹಬ್ಬದ ದಿನ ಇದೇನೇ ಇಲ್ಲಿ?" ಎಂದವನು ಅವಳ ಮುಖ ನೋಡಿ ಪಕ್ಕದಲ್ಲಿ ಕೂತ.

ಹನ್ನೊಂದು ಗಂಟೆಯ ಹೊತ್ತಿಗೆ ಅವಳ ಮೂಗಿಗೆ ಡೀಸೆಲ್ಲಿನ ನಾತ ಬಡಿಯಿತು. ಆಮೇಲೆ ಕಾರು ಕಂಡಿತು. ಅದೇ ಕಾರು. ಬೈರೇಶ ಇಳಿದ, ಅಕ್ಕನ ಮುಖ ನೋಡದೆ ಮುಂದಿನ ಸೀಟಿನಿಂದ ಬಾಗಿನದ ಮೊರ ಎತ್ತಿಕೊಂಡ.

"ಅವ್ವ ಅನ್ನ ನೀರು ಬಿಟ್ಟು ಕೂತಿತ್ತು. ಅದ್ಕೇ ಬಂದೆ. ತಗೋ, ನಾನು ನೆಲಮಂಗಲಕ್ಕೆ ಹೋಗ್ಬೇಕು. ಬೇರೆ ಪಾರ್ಟಿ ಕಾಯ್ತಾವ್ರೆ."

ಗಂಗಲಕ್ಷ್ಮಮ್ಮ ಮೊರ ನೋಡಲಿಲ್ಲ. ಹಿಂದಿನ ಸೀಟಿನಲ್ಲಿ ಹೊಸ ಲಂಗ ತೊಟ್ಟ ಬೈರೇಶನ ಮಗಳು, ಎಂಟು ವರ್ಷದ ಸಿಂಚನ, ಮುಖ ಬೆಳ್ಳಗೆ ಮಾಡಿಕೊಂಡು ಕವರೊಂದನ್ನು ಬಾಯಿಗೆ ಹಿಡಿದು ಕೂತಿದ್ದಳು. ಬಾನೆಟ್ಟಿನ ಅಂಚಿನಿಂದ ಹೊಗೆ ಎಳೆಎಳೆಯಾಗಿ ಏಳುತ್ತಿತ್ತು.

"ಮೊದ್ಲು ಮಗೂನ ಇಳಿಸು! ಆಫ್ ಮಾಡ್ಲಾ ಗಾಡಿ!"

ಅವಳ ಕೂಗಿಗೆ ಬೈರೇಶ ಬೆದರಿ ಕೀಲಿ ತಿರುಗಿಸಿದ. ಅವಳು ಸಿಂಚನಾಳನ್ನು ಎತ್ತಿ ದೂರ ಕೂರಿಸಿದಳು. "ಅತ್ತೆ, ದಾರಿಯೆಲ್ಲಾ ಹೊಗೆ ವಾಸ್ನೆ, ಎರಡು ಸಲ ವಾಂತಿ ಆಯ್ತು" ಎಂದಿತು ಮಗು. ವಾಂತಿ ಎಂದರೆ ಮೈಲಿ ದೂರ ಓಡುವವಳು ತನ್ನ ಹಬ್ಬದ ಸೀರೆಯ ಸೆರಗಿನಿಂದಲೇ ಮಗುವಿನ ಬಾಯೊರೆಸಿ, ನೀರು ಕುಡಿಸಿದಳು. ಪಿಳ್ಳಪ್ಪ ಅಷ್ಟರಲ್ಲಿ ಮರಳಿನ ಬಕೆಟ್ಟು ಎಳೆದು ತಂದಿದ್ದ. ಹೊಗೆ ನಿಧಾನವಾಗಿ ಇಳಿಯಿತು. ಬಾನೆಟ್ ಎತ್ತಿದರೆ ಇಡೀ ಎಂಜಿನ್ನು ಡೀಸೆಲ್ ಬಳಿದುಕೊಂಡು ಪಳಪಳ ಹೊಳೆಯುತ್ತಿತ್ತು. ಪೈಪಿನ ಮೇಲೆ ಅದು ಸುಟ್ಟು ಹಪ್ಪಳದಂತೆ ಎದ್ದಿತ್ತು.

"ಬಾನೆಟ್ ಒಳಗೆ ಯಾರು ಕೂತ್ಕೋತಾರೆ ಅಂದ್ಯಲ್ಲ" ಎಂದಳು ಗಂಗಲಕ್ಷ್ಮಮ್ಮ. "ನೋಡು, ಯಾರು ಕೂತಿದ್ರು ಅಂತ."

ಬೈರೇಶ ಮಗಳನ್ನು ನೋಡಿದ, ಪೈಪನ್ನು ನೋಡಿದ. ಪಿಳ್ಳಪ್ಪ ಮೊರವನ್ನು ಅವನ ಕೈಯಿಂದ ತೆಗೆದು ಕಲ್ಲಿನ ಮೇಲಿಟ್ಟ.

ಅವಳು ಸ್ಪ್ಯಾನರಿನಿಂದ ಬ್ಯಾಟರಿಯ ವೈರು ಬಿಚ್ಚಿದಳು. "ನೆಲಮಂಗಲದೋರಿಗೆ ಫೋನ್ ಮಾಡಿ ಬರಲ್ಲ ಅನ್ನು. ಈ ಗಾಡಿ ಇಲ್ಲೇ ಇರ್ಲಿ, ನರೇಶ ಬಂದು ಎಂಜಿನ್ ಇಳಿಸ್ಕೊಂಡು ಹೋಗ್ಲಿ. ತಣ್ಣಗಾಗೋಗಂಟ ಕೂತ್ಕೋ, ಮೊದ್ಲು ಆ ಡೀಸೆಲ್ ತೆಗೀಬೇಕು."

ಒಂದು ತಾಸು ನಾಲ್ವರೂ ಕೂತರು. ಆಮೇಲೆ ಅವಳು ಅಂಗೈ ಇಟ್ಟು ಇಪ್ಪತ್ತು ಎಣಿಸಿ, ಹಾಲಿನ ಕವರು ಕಟ್ಟಿ, ಸೋಪಿನ ನೀರೂ ಬ್ರಷ್ಷೂ ತಂದು ತಮ್ಮನ ಮುಂದಿಟ್ಟಳು. ಅವನು ಪಂಚೆ ಎತ್ತಿಕಟ್ಟಿ ಬಗ್ಗಿ ಉಜ್ಜತೊಡಗಿದ. ಸುಟ್ಟ ಡೀಸೆಲ್ಲಿನ ಕರಿ ಗೊಜ್ಜು ಅವನ ಮೊಣಕೈಗೆ ಇಳಿಯಿತು, ಒಂದು ಹನಿ ತುಟಿಗೆ ಸಿಡಿಯಿತು.

"ಥೂ!" ಎಂದು ಅವನು ಗೋಡೆಯ ಕಡೆ ಓಡಿದ. ಬಾಯಿ ಮುಕ್ಕಳಿಸಿ ಬಂದು ಮತ್ತೆ ಬ್ರಷ್ಷು ಹಿಡಿದ. ಕೆಲಸ ಮುಗಿಯುವ ಹೊತ್ತಿಗೆ ಬಿಸಿಲು ತಿರುಗಿತ್ತು. ಅವನು ಹಾಗೆಯೇ ಮೊರದ ಕಡೆ ಬಗ್ಗಿದಾಗ ಗಂಗಲಕ್ಷ್ಮಮ್ಮ ತಡೆದಳು.

"ಆ ಕೈ ತೊಳ್ಕೊಂಡು ಬಾ."

ಅವನು ಅಂಟುವಾಳದ ನೊರೆಯಲ್ಲಿ ಒಂದು ಸಲ, ಎರಡು ಸಲ, ಮೂರು ಸಲ ಉಜ್ಜಿದ. ಒರೆಸಿಕೊಂಡು ಬಂದು ಮೊರ ಎತ್ತಿ ಅಕ್ಕನ ಮುಂದೆ ಹಿಡಿದ. ಉಗುರುಗಳ ಸಂದಿಯಲ್ಲಿ ಕರಿ ಹಾಗೆಯೇ ಇತ್ತು. ಗಂಗಲಕ್ಷ್ಮಮ್ಮ ಅದನ್ನು ನೋಡಿದಳು. ಸೆರಗೊಡ್ಡಿ ಬಾಗಿನ ತೆಗೆದುಕೊಂಡಳು.